ಒಂದೇ ಕಂಬ, ಒಂದೇ ಪದ್ಯ, ಒಂದೇ ರಾಗ: ನಮ್ಮ ಭಾಗದಲ್ಲಿ ಬೆರಗು ಹುಡುಕುವುದು ಹೇಗೆ

ಭಾನುವಾರ ಲಕ್ಕುಂಡಿಗೆ ಬರುವ ಕಾರುಗಳನ್ನು ಸ್ವಲ್ಪ ಹೊತ್ತು ಗಮನಿಸಿ. ಕಾಶಿವಿಶ್ವೇಶ್ವರ ಗುಡಿಯ ಹತ್ತಿರ ನಿಲ್ಲುತ್ತವೆ, ಜನ ಇಳಿಯುತ್ತಾರೆ, ಬಾಗಿಲ ಮುಂದೆ ಫೋಟೊ, ಕಂಬಕ್ಕೆ ಒರಗಿ ಇನ್ನೊಂದು ಫೋಟೊ, ಹದಿನೈದು ನಿಮಿಷಕ್ಕೆ ಮುಗಿಯಿತು, ಮುಂದೆ ಡಂಬಳ, ಆಮೇಲೆ ಊಟ. ಸಂಜೆ ಹೇಗಿತ್ತು ಅಂತ ಕೇಳಿದರೆ ಚೆನ್ನಾಗಿತ್ತು ಅನ್ನುತ್ತಾರೆ. ಏನು ಚೆನ್ನಾಗಿತ್ತು ಅಂದರೆ ಉತ್ತರ ಇಲ್ಲ.

ಕೆಲಸ, ಮನೆ, ಮೊಬೈಲು, ಮತ್ತೆ ಕೆಲಸ, ಇಷ್ಟೇ ಆಯಿತಲ್ಲ ಬದುಕು ಅನ್ನುವವರಿಗೆ ಎಲ್ಲರೂ ಒಂದು ಸಲಹೆ ಕೊಡುತ್ತಾರೆ. ಕವಿತೆ ಓದಿ, ಸಂಗೀತ ಕೇಳಿ, ನಿಸರ್ಗದಲ್ಲಿ ಓಡಾಡಿ. ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಅದರಲ್ಲಿ ಇರುವುದು ಎರಡೇ ಕೆಲಸ. ಒಂದನ್ನೇ ಹಿಡಿದು ಜಾಸ್ತಿ ಹೊತ್ತು ನೋಡಬೇಕು. ಅದರ ಬಗ್ಗೆ ಒಂದು ಸಂಗತಿ ತಿಳಿದುಕೊಂಡು ಮತ್ತೆ ಅಲ್ಲಿಗೇ ಹೋಗಬೇಕು. ತಿಳಿದುಕೊಂಡರೆ ಬೆರಗು ಹೊರಟು ಹೋಗುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಿಳಿದ ಮೇಲೇ ಅದು ಶುರುವಾಗುವುದು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಇರುವವರಿಗೆ ಇದಕ್ಕೆ ದುಡ್ಡೂ ಬೇಡ, ದೂರದ ಪ್ರವಾಸವೂ ಬೇಡ. ಹೇಗೆ ಶುರು ಮಾಡಬಹುದು ಅಂತ ಒಂದೊಂದಾಗಿ ಹೇಳುತ್ತೇನೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ.

ಮೊದಲು ಒಂದು ಜಾಗ ಗೊತ್ತು ಮಾಡಿಕೊಳ್ಳಿ

ಮನೆಯಿಂದ ಅರ್ಧ ಗಂಟೆಯೊಳಗೆ ಮುಟ್ಟುವ ಜಾಗ ಇರಲಿ. ರಜೆ ಹಾಕಿ, ಡಬ್ಬಿ ಕಟ್ಟಿಕೊಂಡು ಹೋಗಬೇಕಾದ ಜಾಗ ಆದರೆ ಎರಡನೇ ಸಲ ನೀವು ಹೋಗುವುದಿಲ್ಲ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ಇದೆ, ಚಿಗರಿ ಬಸ್ಸಿನ ದಾರಿಯಲ್ಲೇ. ಅಲ್ಲೇ ಊರೊಳಗೆ ಮನೆಗಳ ನಡುವೆ ಚಂದ್ರಮೌಳೇಶ್ವರ ಗುಡಿಯೂ ಇದೆ, ನಾಲ್ಕೂ ದಿಕ್ಕಿಗೆ ಬಾಗಿಲು ಇರುವ ಗುಡಿ. ಧಾರವಾಡದವರಿಗೆ ಸಾಧನಕೇರಿ, ಕೆಲಗೇರಿ ಕೆರೆ, ವಿಶ್ವವಿದ್ಯಾಲಯದ ಮರಗಳು. ಗದಗಿನವರಿಗೆ ತ್ರಿಕೂಟೇಶ್ವರದ ಅಂಗಳ. ಹಾವೇರಿಯಲ್ಲಿದ್ದರೆ ಸಿದ್ಧೇಶ್ವರ ಗುಡಿಗೆ ಸಂಜೆ ಹೋಗಿ. ಹೆಚ್ಚಿನ ಗುಡಿಗಳು ಪೂರ್ವಕ್ಕೆ ಮುಖ ಮಾಡಿದ್ದರೆ ಅದು ಪಶ್ಚಿಮಕ್ಕೆ ಮುಖ ಮಾಡಿದೆ, ಹಾಗಾಗಿ ಇಳಿಬಿಸಿಲು ಎದುರಿಗೇ ಬೀಳುತ್ತದೆ.

ವಾರಕ್ಕೊಂದು ಸಲ ಅದೇ ಜಾಗಕ್ಕೆ, ಆದಷ್ಟು ಅದೇ ಹೊತ್ತಿಗೆ ಹೋಗಿ. ಇಪ್ಪತ್ತು ನಿಮಿಷ ಕೂರಿ. ಫೋನು ಜೇಬಲ್ಲಿ ಇರಲಿ, ಕೈಯಲ್ಲಿ ಬೇಡ. ಮೊದಲ ಐದು ನಿಮಿಷ ಬೇಜಾರಾಗುತ್ತದೆ, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಅದು ಎಲ್ಲರಿಗೂ ಆಗುವುದೇ, ಸುಮ್ನೆ ಕೂತಿರಿ.

ಎದ್ದು ಬರುವ ಮೊದಲು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ. ಇಲ್ಲಿ ಒಂದು ಕಟ್ಟುನಿಟ್ಟು ಇದೆ. ಕಂಡದ್ದನ್ನು ಬರೆಯಬೇಕು, ಅನಿಸಿದ್ದನ್ನಲ್ಲ. ಮನಸ್ಸಿಗೆ ಹಿತವಾಯಿತು ಅಂತ ಬರೆದರೆ ಅದು ಯಾವ ಕೆರೆಗೂ ಹೊಂದುತ್ತದೆ. ಮಿಂಚುಳ್ಳಿ ತಂತಿಯ ಮೇಲಿಂದ ಎರಡು ಸಲ ನೀರಿಗೆ ಬಿತ್ತು, ಎರಡನೇ ಸಲ ಮೀನು ಸಿಕ್ಕಿತು, ಅದನ್ನು ಕಂಬಕ್ಕೆ ಬಡಿದು ನುಂಗಿತು ಅಂತ ಬರೆದರೆ ಅದು ನಿಮ್ಮದು. ಎರಡು ತಿಂಗಳು ಬಿಟ್ಟು ಓದಿದಾಗ ಆ ಸಂಜೆ ಹಾಗೇ ಎದುರಿಗೆ ಬರುತ್ತದೆ.

ಕಲ್ಲನ್ನು ನೋಡುವುದು

ಗದಗದಿಂದ ಲಕ್ಕುಂಡಿ ಹನ್ನೆರಡು ಕಿಲೋಮೀಟರಿನ ಆಸುಪಾಸು. ಊರ ತುಂಬ ಗುಡಿ, ಬಾವಿ. ಎಲ್ಲವನ್ನೂ ನೋಡಿ ಮುಗಿಸುವ ಆಸೆ ಬಿಡಿ. ಕಾಶಿವಿಶ್ವೇಶ್ವರ ಒಂದೇ ಸಾಕು, ಅದರಲ್ಲೂ ಒಂದು ಬಾಗಿಲುವಾಡ ಸಾಕು. ಚೌಕಟ್ಟಿನ ಮೇಲೆ ಒಂದರ ಪಕ್ಕ ಒಂದರಂತೆ ಕೆತ್ತನೆಯ ಪಟ್ಟಿಗಳು ಇರುತ್ತವೆ. ಬಳ್ಳಿ ಇರುವ ಪಟ್ಟಿಯನ್ನು ಆರಿಸಿಕೊಳ್ಳಿ. ಕೆಳಗಿನಿಂದ ಶುರು ಮಾಡಿ ಒಂದೊಂದೇ ಸುರುಳಿಯನ್ನು ಕಣ್ಣಿನಲ್ಲಿ ಹತ್ತಿಸುತ್ತಾ ಹೋಗಿ. ಮುಟ್ಟಬೇಡಿ, ಕೈಯ ಬೆವರಿನಿಂದ ಕಲ್ಲು ಕಪ್ಪಾಗುತ್ತದೆ. ದೂರದಿಂದ ಎಲ್ಲ ಸುರುಳಿಯೂ ಒಂದೇ ಅನ್ನಿಸುತ್ತದೆ, ಹತ್ತಿರ ಹೋದಂತೆ ಎಲೆಯ ತುದಿ ಒಂದು ಕಡೆ ಹೀಗೆ ಬಾಗಿದ್ದರೆ ಇನ್ನೊಂದು ಕಡೆ ಬೇರೆ ಥರ ಬಾಗಿರುವುದು ಕಣ್ಣಿಗೆ ಬೀಳುತ್ತದೆ, ಆಮೇಲೆ ಆ ತುದಿಯ ಹಿಂದೆ ಉಳಿ ಒಳಗೆ ಹೋಗಿ ಕಲ್ಲನ್ನು ಖಾಲಿ ಮಾಡಿ ನೆರಳು ಹುಟ್ಟಿಸಿದ್ದೂ ಗೊತ್ತಾಗುತ್ತದೆ. ಆ ನೆರಳಿನಿಂದಲೇ ಬಳ್ಳಿ ಎದ್ದು ಕಾಣುವುದು.

ನಾನೊಮ್ಮೆ ಹೀಗೆ ಅಲ್ಲಿ ಕೂತಿದ್ದಾಗ ಊರಿನ ಅಜ್ಜ ಒಬ್ಬರು ಬಂದು ಮಾತಾಡಿಸಿದರು.

"ಏನ್ರಿ, ಏನರ ಕಳಕೊಂಡೀರೇನು? ಆಗಿಂದ ಒಂದ ಕಡಿ ನೋಡಾಕತ್ತೀರಿ."

"ಇಲ್ರೀ ಅಜ್ಜಾರ, ಸುಮ್ನ ನೋಡಾಕತ್ತೀನಿ."

"ನಡು ಮಧ್ಯಾಹ್ನ ಏನ್ ಕಾಣ್ತೈತ್ರಿ? ಮುಂಜಾನೆ ಬರ್ರಿ. ಬಿಸಿಲು ಅಡ್ಡ ಬೀಳ್ತೈತಿ."

ಅವರು ಹೇಳಿದ್ದೇ ಸರಿ. ಬಿಸಿಲು ನೆತ್ತಿಯ ಮೇಲಿದ್ದಾಗ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಅದೇ ಕಲ್ಲು ಬೇರೆ ಆಗುತ್ತದೆ. ಇದು ಯಾವ ಗುಡಿಗಾದರೂ ಹೊಂದುವ ಮಾತು. ಇನ್ನೊಂದು ವಿಷಯ. ಈ ಗುಡಿಯಲ್ಲಿ ಎದುರುಬದುರಾಗಿ ಎರಡು ಗರ್ಭಗುಡಿ ಇವೆ, ಒಂದು ಶಿವನದು, ಚಿಕ್ಕದು ಸೂರ್ಯನದು. ಸೂರ್ಯನ ಗುಡಿ ಪಶ್ಚಿಮಕ್ಕೆ ಮುಖ ಮಾಡಿ ಶಿವನನ್ನು ನೋಡುತ್ತಾ ಇದೆ. ಇದು ಗೊತ್ತಿದ್ದು ನಡುವೆ ನಿಂತರೆ ಎಲ್ಲಿ ನಿಂತಿದ್ದೀರಿ ಅನ್ನುವುದಕ್ಕೇ ಒಂದು ತೂಕ ಬರುತ್ತದೆ.

ಅದೇ ಊರಿನ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ಅಚ್ಚುಯಂತ್ರ ಇಲ್ಲದ ಕಾಲದಲ್ಲಿ ಒಂದು ಕನ್ನಡ ಕಾವ್ಯದ ಸಾವಿರ ಓಲೆಪ್ರತಿ ಬರೆಸಿ ಹಂಚಿದವಳೂ ಅವಳೇ. ಇವತ್ತು ಕವನ ಸಂಕಲನ ತರುವವರಿಗೆ ಸಾವಿರ ಪ್ರತಿ ಅಂದರೆ ಎಷ್ಟು ಅಂತ ಚೆನ್ನಾಗಿ ಗೊತ್ತು ಬಿಡಿ.

ಡಂಬಳಕ್ಕೆ ಹೋಗುವ ಮೊದಲು ಮನೆಯಲ್ಲಿ ಒಂದು ಆಟ ಆಡಿ. ಮಕ್ಕಳಿದ್ದರೆ ಇನ್ನೂ ಒಳ್ಳೆಯದು. ದಪ್ಪ ರಟ್ಟಿನಲ್ಲಿ ಹತ್ತು ಸೆಂಟಿಮೀಟರಿನ ಒಂದು ಚೌಕ ಕತ್ತರಿಸಿ. ದೊಡ್ಡ ಹಾಳೆಯ ನಡುವೆ ಇಟ್ಟು ಚೌಕದ ಸರಿ ಮಧ್ಯಕ್ಕೆ ಗುಂಡುಪಿನ್ನು ಚುಚ್ಚಿ. ಪೆನ್ಸಿಲ್ಲಿನಲ್ಲಿ ಸುತ್ತ ಗೆರೆ ಎಳೆಯಿರಿ. ಕೋನಮಾಪಕ ಇಟ್ಟು 15 ಡಿಗ್ರಿ ತಿರುಗಿಸಿ, ಮತ್ತೆ ಗೆರೆ ಎಳೆಯಿರಿ. ಹೀಗೆ ಒಟ್ಟು ಆರು ಚೌಕ. ಆರನೇ ಸಲ ತಿರುಗಿಸಿದರೆ 90 ಡಿಗ್ರಿ ಆಗಿ ಮೊದಲನೆಯದರ ಮೇಲೇ ಬಂದು ಕೂರುತ್ತದೆ. ಈಗ ಹೊರಗಿನ ಮೂಲೆಗಳನ್ನು ಎಣಿಸಿ, 24 ಆಗುತ್ತವೆ. ಡಂಬಳದ ದೊಡ್ಡಬಸಪ್ಪ ಗುಡಿಯ ಗರ್ಭಗುಡಿಯ ಹೊರಗೋಡೆ ಇದೇ ನಕ್ಷತ್ರ. ಹಾಳೆಯನ್ನು ಕೈಯಲ್ಲಿ ಹಿಡಿದು ಗೋಡೆಯ ಸುತ್ತ ನಡೆಯಿರಿ. ಹಗ್ಗ, ಗೂಟ ಹಿಡಿದು ನೆಲದ ಮೇಲೆ ಇದನ್ನು ಗುರುತು ಹಾಕಿ, ಬುಡದಿಂದ ಶಿಖರದ ತನಕ ಆ ಮೂಲೆಗಳು ತಪ್ಪದ ಹಾಗೆ ಕಲ್ಲು ಏರಿಸಿದ್ದಾರೆ. ಹಾಳೆ ಇಲ್ಲದೆ ನೋಡಿದರೆ ಅದು ಬರೀ ಅಂಕುಡೊಂಕು ಗೋಡೆ ಅಷ್ಟೇ.

ಇನ್ನು ಆ ಕಲ್ಲೇ ಒಂದು ಕತೆ. ಜಗತ್ತಿನ ಭೂವಿಜ್ಞಾನಿಗಳಿಗೆ ಧಾರವಾಡ ಅಂದರೆ ಪೇಡೆ ಅಲ್ಲ, ಬಂಡೆ. 19ನೇ ಶತಮಾನದ ಕೊನೆಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಕಡೆಯ ಬಂಡೆಗಳ ಗುಂಪಿಗೆ ಧಾರವಾಡದ ಹೆಸರು ಇಟ್ಟರು, ಈಗಲೂ ಅದೇ ಹೆಸರು. ಅವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಾಲ ಅದು. ಗದಗದ ಕಪ್ಪತಗುಡ್ಡ ಅದೇ ಗುಂಪಿಗೆ ಸೇರಿದ್ದು. ಗುಡ್ಡ ಹತ್ತಿದಾಗ ಕಾಲ ಕೆಳಗಿನ ಕಲ್ಲನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಿ. ನೋಡಿ ಅಲ್ಲೇ ಇಡಿ, ಅದು ವನ್ಯಜೀವಿಧಾಮ.

ಪದ್ಯವನ್ನು ಬಾಯಿಗೆ ಕೊಡಿ

ಕವಿತೆ ಅರ್ಥ ಆಗುವುದಿಲ್ಲ ಅನ್ನುವವರು ಬಹಳ. ಅದರಲ್ಲಿ ನಮ್ಮ ಶಾಲೆಯ ಪಾಲು ದೊಡ್ಡದು. ಪದ್ಯ ಓದಿದ ಕೂಡಲೇ ಸಾರಾಂಶ ಬರೆಯಿರಿ ಅಂತ ಕಲಿಸಿ, ಪದ್ಯ ಅಂದರೆ ಬಿಡಿಸಬೇಕಾದ ಲೆಕ್ಕ ಅನ್ನುವ ಹೆದರಿಕೆ ಕೂರಿಸಿದ್ದಾರೆ. ಈಗ ಪರೀಕ್ಷೆ ಇಲ್ಲ. ಅರ್ಥವನ್ನು ಕೊನೆಗೆ ಇಟ್ಟುಕೊಳ್ಳಿ.

ವಾರಕ್ಕೆ ಒಂದೇ ಪದ್ಯ. ಒಂದು ವಚನ ಆಗಬಹುದು, ಒಂದು ತ್ರಿಪದಿ ಆಗಬಹುದು, ಬೇಂದ್ರೆಯವರ ಒಂದು ಪದ್ಯ ಆಗಬಹುದು. ಕೈಬರಹದಲ್ಲಿ ಒಂದು ಚೀಟಿಯ ಮೇಲೆ ಬರೆದು ಅಡಿಗೆಮನೆಯಲ್ಲೋ ಕನ್ನಡಿಯ ಪಕ್ಕವೋ ಅಂಟಿಸಿ. ದಿನಾ ಒಂದು ಸಲ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಲೆಕ್ಕಕ್ಕಿಲ್ಲ. ನಾಲ್ಕನೇ ದಿನದ ಹೊತ್ತಿಗೆ ಅರ್ಧ ಬಾಯಿಗೆ ಬಂದಿರುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ನಾಲಿಗೆಗೆ ಗೊತ್ತಾಗಿರುತ್ತದೆ. ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂದದ್ದು ಎಲ್ಲರಿಗೂ ಗೊತ್ತು. ಆದರೆ ಅವರು ಪದ್ಯದೊಳಗೆ ಇಟ್ಟದ್ದು ಧಾರವಾಡದ ಮಂದಿ ಮನೆಯಲ್ಲಿ, ಬೀದಿಯಲ್ಲಿ ಆಡುವ ಮಾತನ್ನೇ. ಆ ಲಯ ಈ ಭಾಗದವರ ಬಾಯಲ್ಲಿ ಆಗಲೇ ಇದೆ, ಅದಕ್ಕೆ ನಮಗೆ ಗಟ್ಟಿ ಓದು ಸುಲಭ. ಸಾಧನಕೇರಿಯಲ್ಲಿ ಅವರ ಮನೆ, ಪಕ್ಕದಲ್ಲಿ ಬೇಂದ್ರೆ ಭವನ ಇದೆ. ಒಂದು ಪದ್ಯ ಬಾಯಿಪಾಠ ಆದ ಮೇಲೆ ಅಲ್ಲಿಗೆ ಹೋಗಿ, ಅದಕ್ಕಿಂತ ಮೊದಲು ಬೇಡ.

ಹಳೆಗಾವ್ಯ ಕಷ್ಟ ಅನ್ನುವವರಿಗೆ ಒಂದು ಉಪಾಯ. ಕುಮಾರವ್ಯಾಸ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದವನು. ಗದಗದ ವೀರನಾರಾಯಣನ ಗುಡಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬಕ್ಕೆ ಒರಗಿ ಕೂತು, ಬಟ್ಟೆ ಒಣಗುವ ತನಕ ಬರೆಯುತ್ತಿದ್ದ ಅಂತ ಜನರ ನಂಬಿಕೆ. ಆ ಕಂಬವನ್ನು ಈಗಲೂ ತೋರಿಸುತ್ತಾರೆ. ಅವನ ಭಾಮಿನಿ ಷಟ್ಪದಿ ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು ಹೀಗೆ ನಡೆಯುತ್ತದೆ. ತಕಿಟ ತಕಧಿಮಿ, ತಕಿಟ ತಕಧಿಮಿ ಅಂತ ತೊಡೆ ತಟ್ಟುತ್ತಾ ಒಂದು ಪದ್ಯ ಓದಿ ನೋಡಿ. ಮೊದಲ ಎರಡು ಸಾಲಿಗೆ ಹೀಗೆ ಎರಡೆರಡು ಸುತ್ತು, ಮೂರನೇ ಸಾಲಿಗೆ ಮೂರು ಸುತ್ತು, ಕೊನೆಗೆ ಒಂದು ದೀರ್ಘ. ಉಳಿದ ಮೂರು ಸಾಲೂ ಹಾಗೇ. ತಾಳ ಹಿಡಿದ ಮೇಲೆ ಗೊತ್ತಿಲ್ಲದ ಪದಗಳು ಕೂಡ ಓಡುತ್ತವೆ, ಮತ್ತು ವಿಚಿತ್ರ ಅಂದರೆ ಅರ್ಥವೂ ಅರ್ಧಕ್ಕರ್ಧ ಹಿಂದೆಯೇ ಬರುತ್ತದೆ.

ಇದಕ್ಕಿಂತ ತುರ್ತಾಗಿ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಮನೆಯ ಅಜ್ಜಿಯೋ ಆಯಿಯೋ ಇದ್ದರೆ ಹತ್ತಿರ ಕೂತು, ಬೀಸುವಾಗ ಏನು ಹಾಡುತ್ತಿದ್ದಿರಿ ಅಂತ ಕೇಳಿ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲಿನ ಪದಗಳು ಬಾಯಿಂದ ಹೋದವು, ರಾಶಿಯ ಮಷೀನು ಬಂದ ಮೇಲೆ ಕಣದಲ್ಲಿ ಎತ್ತು ತಿರುಗಿಸುತ್ತಾ ಹಾಡುವ ಹಂತಿಯ ಪದ. "ನನಗೆಲ್ಲಿ ಬರ್ತಾವ ಯವ್ವಾ, ಎಲ್ಲಾ ಮರ್ತೀನಿ" ಅಂತ ಮೊದಲು ಅನ್ನುತ್ತಾರೆ. ಆಗ ಒತ್ತಾಯ ಮಾಡಬೇಡಿ. ಅವರ ಜೊತೆ ಅವರೆಕಾಯಿ ಸುಲಿಯುತ್ತಾ ಕೂರಿ. ಕೈಗೆ ಕೆಲಸ ಬಂದರೆ ಹಾಡು ತಾನೇ ನೆನಪಾಗುತ್ತದೆ. ಅವರನ್ನು ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಫೋನಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ.

ಒಂದು ರಾಗ, ಅದರ ಹೊತ್ತಿನಲ್ಲಿ

ಈ ಭಾಗದ ಹಾಡುಗಾರರ ಹೆಸರು ಹೇಳಿ ಎದೆ ಉಬ್ಬಿಸುವವರು ಬಹಳ, ಕೂತು ಕೇಳುವವರು ಕಡಿಮೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್, ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ. ನಾಲ್ವರಲ್ಲಿ ಒಬ್ಬರನ್ನು ಹಿಡಿದುಕೊಳ್ಳಿ. ಆಮೇಲೆ ಒಂದೇ ರಾಗ. ಯಮನ್ ಸುಲಭ, ಸಂಜೆ ದೀಪ ಹಚ್ಚಿದ ಮೇಲೆ ಕೇಳಿ. ಬೆಳಿಗ್ಗೆ ಏಳುವವರಾದರೆ ಭೈರವ್ ಅಥವಾ ತೋಡಿ. ರಾತ್ರಿ ತಡವಾಗಿ ಮಲಗುವವರಿಗೆ ಮಾಲಕಂಸ. ಒಂದು ತಿಂಗಳು ಅದೊಂದೇ, ಅದೇ ಹೊತ್ತಿಗೆ, ಒಬ್ಬರದೇ ಧ್ವನಿಮುದ್ರಣ. ಎರಡನೇ ತಿಂಗಳು ಅದೇ ರಾಗ, ಬೇರೆಯವರದು.

ಕೇಳುವಾಗ ಒಂದು ಹಿಡಿತ ಬೇಕು. ವಿಲಂಬಿತ ಖ್ಯಾಲ್, ಅಂದರೆ ನಿಧಾನಗತಿಯ ಹಾಡು, ಬಹಳ ಸಲ ಏಕತಾಲದಲ್ಲಿ ಇರುತ್ತದೆ, ಹನ್ನೆರಡು ಮಾತ್ರೆ, ನಡಿಗೆ ಬಹಳ ನಿಧಾನ. ಸುತ್ತು ಮುಗಿದು ಮತ್ತೆ ಮೊದಲ ಮಾತ್ರೆಗೆ ಬಂದು ಮುಟ್ಟುವ ಜಾಗಕ್ಕೆ ಸಮ್ ಅನ್ನುತ್ತಾರೆ. ಹಾಡುವವರು ಎಲ್ಲೆಲ್ಲೋ ಅಲೆದಾಡಿ ಸರಿಯಾಗಿ ಅಲ್ಲಿಗೆ ಬಂದು ಬೀಳುತ್ತಾರೆ, ತಬಲಾದವರೂ ಅಲ್ಲೇ ಸಿಗುತ್ತಾರೆ, ಸಭೆಯಲ್ಲಿ ತಲೆಗಳು ಒಟ್ಟಿಗೆ ಆಡುತ್ತವೆ. ಬೇರೆ ಏನೂ ಗೊತ್ತಾಗದಿದ್ದರೂ ಪರವಾಗಿಲ್ಲ, ಸಮ್ ಎಲ್ಲಿ ಅಂತ ಹುಡುಕುತ್ತಾ ಇರಿ. ಒಂದು ಸಲ ಸಿಕ್ಕಿತು ಅಂದರೆ ಮುಂದಿನ ಸಲ ಅದು ಬರುವ ಮೊದಲೇ ಮೈ ಕಾಯತೊಡಗುತ್ತದೆ.

ಸಾಧ್ಯವಾದರೆ ಕುಂದಗೋಳಕ್ಕೆ ಹೋಗಿ. ಹೆಸರಾಂತ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಅವರ ಹತ್ತಿರ ಕಲಿತದ್ದು ಅಲ್ಲೇ. ಅಲ್ಲಿನ ನಾಡಗೀರರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ವರ್ಷವರ್ಷ ಸಂಗೀತ ನಡೆಯುತ್ತದೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಬರೀ ಕಿವಿಯಿಂದ ರಾಗ ಕಲಿಯುತ್ತಾರೆ. ಪಂಚಾಕ್ಷರ ಗವಾಯಿಗಳು ಶುರು ಮಾಡಿದ್ದನ್ನು ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವ ತನಕ ನಡೆಸಿದರು. ಇಬ್ಬರಿಗೂ ಕಣ್ಣು ಇರಲಿಲ್ಲ. ಅಲ್ಲಿಗೆ ಹೋದರೆ ಕ್ಯಾಮೆರಾ ತೆಗೆಯದೆ, ಒಂದು ಮೂಲೆಯಲ್ಲಿ ಕೂತು ಕೇಳಿ ಬನ್ನಿ. ಮನೆಯಲ್ಲೇ ಇರುವವರಿಗೆ ಧಾರವಾಡ ಆಕಾಶವಾಣಿ ಇದ್ದೇ ಇದೆ, 1950ರಿಂದ.

ಮಳೆಯ ಹೆಸರುಗಳನ್ನು ಆಕಾಶದಲ್ಲಿ ಹುಡುಕಿ

ಈ ಲೇಖನದಲ್ಲಿ ಒಂದೇ ಒಂದನ್ನು ಮಾಡಿ ನೋಡುವುದಾದರೆ ಇದನ್ನು ಮಾಡಿ.

ರೋಹಿಣಿ ಮಳೆ, ಮಿರಗಿನ ಮಳೆ, ಆರಿದ್ರಾ ಮಳೆ ಅಂತ ನಮ್ಮ ಕಡೆ ಎಲ್ಲರೂ ಅನ್ನುತ್ತಾರೆ. ಮಿರಗ ಹೂಡಿತು ಅಂದರೆ ಬಿತ್ತನೆಯ ಗಡಿಬಿಡಿ. ಈ ಹೆಸರುಗಳು ಎಲ್ಲಿಂದ ಬಂದವು ಅಂತ ಕೇಳಿದರೆ ಪಂಚಾಂಗದಿಂದ ಅನ್ನುತ್ತೇವೆ. ಪಂಚಾಂಗಕ್ಕೆ ಅವು ಬಂದದ್ದು ಆಕಾಶದಿಂದ. ಸೂರ್ಯ ವರ್ಷವಿಡೀ 27 ನಕ್ಷತ್ರಗಳ ದಾರಿಯಲ್ಲಿ ಹಾದು ಹೋಗುತ್ತಾನೆ, ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ. ಜೂನ್ 7, 8ರ ಸುಮಾರಿಗೆ ಅವನು ಮೃಗಶಿರಕ್ಕೆ ಬರುತ್ತಾನೆ, ಆಗ ಬೀಳುವುದು ಮಿರಗಿನ ಮಳೆ.

ಹಾಗಾದರೆ ಮಿರಗಿನ ಮಳೆ ಬೀಳುವಾಗ ಮೃಗಶಿರ ನಕ್ಷತ್ರ ರಾತ್ರಿ ಕಾಣುವುದೇ ಇಲ್ಲ. ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ, ಹಗಲಲ್ಲಿ ಮೋಡದ ಆಚೆ ಇರುತ್ತದೆ. ಅದನ್ನು ನೋಡಬೇಕಾದರೆ ಅರ್ಧ ವರ್ಷ ಕಾಯಬೇಕು. ಡಿಸೆಂಬರ್, ಜನವರಿ. ಸರಿಯಾಗಿ ಆಗಲೇ ನಮ್ಮ ಎಳ್ಳ ಅಮಾವಾಸ್ಯೆ ಬರುತ್ತದೆ. ಹಗಲಿಗೆ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಭೂಮಿತಾಯಿಗೆ ಅಡಿಗೆಯ ಎಡೆ ಚೆಲ್ಲಿ), ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಸಂಜೆ ವಾಪಸ್ ಬಂದು ಬಿಡುತ್ತಾರೆ. ಈ ಸಲ ಬರಬೇಡಿ, ಅಥವಾ ಉಂಡು ಮತ್ತೆ ಹೋಗಿ. ಚಂದ್ರ ಇಲ್ಲದ ರಾತ್ರಿ, ಮೋಡ ಕಡಿಮೆ, ನವಲಗುಂದ, ಅಣ್ಣಿಗೇರಿ, ರೋಣದ ಎರೆ ಹೊಲ ಆದರೆ ನಾಲ್ಕೂ ಕಡೆ ನೆಲಕ್ಕೆ ಹತ್ತಿದ ಆಕಾಶ. ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ರಾತ್ರಿ ಒಂಬತ್ತರ ಸುಮಾರಿಗೆ ಪೂರ್ವಕ್ಕೆ ಮುಖ ಮಾಡಿ ಕಂಬಳಿಯ ಮೇಲೆ ಮಲಗಿ. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷ ಬೇಕು, ನಡುವೆ ಒಂದು ಸಲ ಫೋನು ನೋಡಿದರೆ ಮತ್ತೆ ಮೊದಲಿಂದ. ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಕಟ್ಟಿಕೊಳ್ಳಿ. ಹುಳುಹುಪ್ಪಟೆ ಇರುತ್ತವೆ, ಕಾಲಿಗೆ ಬೂಟು ಇರಲಿ. ಹೊಲದವರಿಗೆ ಹೇಳಿಯೇ ಹೋಗಿ.

ನೆತ್ತಿಯ ಹತ್ತಿರ ಚಿಕ್ಕದೊಂದು ಮಂಜಿನ ಮುದ್ದೆಯ ಹಾಗೆ ಆರೇಳು ಚುಕ್ಕಿ ಒತ್ತಾಗಿ ಕಾಣುತ್ತವೆ, ಅದು ಕೃತ್ತಿಕಾ. ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ಇಳಿಯಿರಿ, ಕೆಂಬಣ್ಣದ ಒಂದು ದೊಡ್ಡ ಚುಕ್ಕಿ, ರೋಹಿಣಿ. ಇನ್ನೂ ಕೆಳಗೆ, ಸ್ವಲ್ಪ ಬಲಕ್ಕೆ, ಮೂರು ಚುಕ್ಕಿ ಸಾಲಾಗಿ ನಿಂತಿರುವುದನ್ನು ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ. ಆ ಸಾಲಿನ ಎಡಕ್ಕೆ ಕೆಂಪಗೆ ಹೊಳೆಯುವುದು ಆರಿದ್ರಾ. ಮೃಗಶಿರ ಅದರ ಪಕ್ಕದಲ್ಲೇ, ಸ್ವಲ್ಪ ಮೇಲೆ, ಮಂಕಾದ ಪುಟ್ಟ ಚುಕ್ಕಿಗಳ ಗುಂಪು. ಅಷ್ಟು ದೊಡ್ಡ ಮಳೆಯ ಹೆಸರು ಇಷ್ಟು ಸಣ್ಣದಕ್ಕಾ ಅನ್ನಿಸುತ್ತದೆ. ಇನ್ನೂ ಕೆಳಗೆ ಎಡಕ್ಕೆ ಜೋಡಿ ಚುಕ್ಕಿ, ಪುನರ್ವಸು. ಕೃತ್ತಿಕಾ, ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು. ಮೇ ಮಧ್ಯದಿಂದ ಜುಲೈ ಮಧ್ಯದ ತನಕ ಬರುವ ಮಳೆಗಳು, ಬರುವ ಸಾಲಿನಲ್ಲೇ, ಮೇಲಿಂದ ಕೆಳಗೆ ಜೋಡಿಸಿ ಇಟ್ಟಿವೆ. ಅಜ್ಜಂದಿರು ಕೈ ಎತ್ತಿ ತೋರಿಸುತ್ತಿದ್ದದ್ದು ಇದನ್ನೇ. ರೋಹಿಣಿಯಿಂದ ಈಗ ನಿಮ್ಮ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟು ಸುಮಾರು 65 ವರ್ಷ ಆಗಿದೆ. ಜೊತೆಗೆ ಅಷ್ಟು ವಯಸ್ಸಿನವರು ಯಾರಾದರೂ ಇದ್ದರೆ ಅವರಿಗೆ ಹೇಳಿ.

ಆಮೇಲೆ ಜೂನ್‌ನಲ್ಲಿ ಮಳೆ ಬಂದಾಗ ಕಿಟಕಿಯ ಹತ್ತಿರ ನಿಂತು ನೋಡಿ. ಬೇಸಿಗೆಯಲ್ಲಿ ಅಂಗೈ ಹಿಡಿಯುವಷ್ಟು ಬಿರಿದಿದ್ದ ಎರೆ ಭೂಮಿ ನೀರು ಕುಡಿದು ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ. ಮೇಲಿನ ಮಣ್ಣು ಬಿರುಕಿನೊಳಗೆ ಬಿದ್ದಿರುತ್ತದೆ, ಉಬ್ಬಿದಾಗ ಒಳಗಿನದು ಮೇಲೆ ಬರುತ್ತದೆ, ಹಾಗಾಗಿ ಈ ಮಣ್ಣು ತನ್ನನ್ನು ತಾನೇ ಮಗುಚಿಕೊಳ್ಳುವ ಮಣ್ಣು. ಏಪ್ರಿಲ್‌ನಲ್ಲಿ ಒಂದು ಬಿರುಕನ್ನು ಗುರುತು ಮಾಡಿಟ್ಟು, ಎರಡು ಮಳೆ ಆದ ಮೇಲೆ ಅದನ್ನು ಹುಡುಕಿ ನೋಡಿ.

ಮಾಗಡಿ ಕೆರೆಯ ಹಕ್ಕಿಗಳು

ಗದಗದಿಂದ 26 ಕಿಲೋಮೀಟರ್ ಆಸುಪಾಸು, ಶಿರಹಟ್ಟಿ ತಾಲ್ಲೂಕು. ನವೆಂಬರಿನಿಂದ ಮಾರ್ಚ್ ಒಳಗೆ ಹೋಗಿ, ಬೆಳಿಗ್ಗೆ ಬೇಗ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟಿ ಇರುವ ಹಕ್ಕಿಗಳು ಕಂಡರೆ ಅವೇ ಪಟ್ಟೆತಲೆ ಹೆಬ್ಬಾತುಗಳು. ಬೇಸಿಗೆಯಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತವೆ. ಏಳು ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿ ಗಾಳಿ ತೆಳು. ಕಡಿಮೆ ಆಮ್ಲಜನಕವನ್ನೂ ಬಿಡದೆ ಹಿಡಿದುಕೊಳ್ಳುವ ರಕ್ತ ಅವಕ್ಕೆ ಇದೆ. ಅಷ್ಟು ದೂರದಿಂದ ಬಂದು ನಮ್ಮ ಹೊಲಗಳಲ್ಲಿ ಮೇಯ್ದು ಕೆರೆಯಲ್ಲಿ ನಿದ್ದೆ ಮಾಡುತ್ತಿರುತ್ತವೆ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಜೌಗು ನೆಲಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು.

ಹತ್ತಿರ ಹೋಗಬೇಡಿ, ಡ್ರೋನ್ ಅಂತೂ ಬೇಡವೇ ಬೇಡ. ಒಂದೇ ಹಕ್ಕಿಯನ್ನು ಹತ್ತು ನಿಮಿಷ ನೋಡಿ. ಗುಂಪಿನಲ್ಲಿ ಒಂದಾದರೂ ಕತ್ತು ಎತ್ತಿ ಕಾವಲು ನಿಂತಿರುತ್ತದೆ. ಅದು ಯಾವಾಗ ಕತ್ತು ಇಳಿಸುತ್ತದೆ, ಆಗ ಯಾವುದು ಎತ್ತುತ್ತದೆ ಅಂತ ಹಿಂಬಾಲಿಸಿ. ಚಳಿಗಾಲ ತಪ್ಪಿಸಿಕೊಂಡವರು ಬಂಕಾಪುರದ ಕೋಟೆಯ ನವಿಲುಗಳನ್ನೋ ರಾಣೆಬೆನ್ನೂರಿನ ಕೃಷ್ಣಮೃಗಗಳನ್ನೋ ನೋಡಬಹುದು.

ಕೈಯಿಂದ ಏನಾದರೂ ಮಾಡಿ

ಬರೀ ನೋಡುತ್ತಾ ಕೇಳುತ್ತಾ ಇದ್ದರೆ ಒಂದು ಹಂತದಲ್ಲಿ ಸಪ್ಪೆ ಆಗುತ್ತದೆ. ಕೈ ಹಾಕಿದವರ ಕಣ್ಣೇ ಬೇರೆ.

ಕಸೂತಿ ಕಲಿಯಿರಿ, ಗಂಡಸರೂ ಕಲಿಯಿರಿ. ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆ, ಒಂದು ಸೂಜಿ, ಎರಡು ಬಣ್ಣದ ದಾರ ಸಾಕು. ಇದರಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗವಂತಿ ಹೊಲಿಗೆಯಿಂದ ಶುರು ಮಾಡಿ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಅಂತ ಒಂದು ದಿಕ್ಕಿಗೆ ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾ ಬರಬೇಕು. ಗಂಟು ಹಾಕುವ ಹಾಗಿಲ್ಲ. ಸರಿ ಬಂದಿದ್ದರೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಹೋಗುವಾಗಲೇ ಬರುವ ದಾರಿ ತಲೆಯಲ್ಲಿ ಇರಬೇಕು, ಎಲ್ಲಿ ಕವಲು ಒಡೆಯಬೇಕು ಅಂತ ಮೊದಲೇ ಗೊತ್ತಿರಬೇಕು. ಒಂದು ಸಣ್ಣ ತುಳಸಿಕಟ್ಟೆ ಹಾಕಿ ಮುಗಿಸಿದ ಮೇಲೆ ಹಳೆಯ ಚಂದ್ರಕಾಳಿ ಸೀರೆಯ ಸೆರಗಿನ ಮೇಲಿನ ಗೋಪುರ, ತೇರು, ಆನೆ ಎಲ್ಲ ಬೇರೆಯೇ ಥರ ಕಾಣುತ್ತವೆ. ಮನೆಯಲ್ಲಿ ಅಂಥ ಸೀರೆ ಇದ್ದರೆ ಮಗುಚಿ ಹಿಂಬದಿ ನೋಡಿ. ಕೆಲಸ ಮಾಡಿದವರ ಗಟ್ಟಿತನ ಅಲ್ಲಿದೆ.

ದಾರ ಸೂಜಿ ಆಗದವರು ಮಣ್ಣೆತ್ತಿನ ಅಮಾವಾಸ್ಯೆಗೆ ಪೇಟೆಯಿಂದ ಎತ್ತು ತರುವ ಬದಲು ತಾವೇ ಮಾಡಿ. ಇಣಿ (ಹೆಗಲ ಮೇಲಿನ ಡುಬ್ಬ) ಸರಿ ಬರುವುದಿಲ್ಲ, ಕೊಂಬು ಮುರಿಯುತ್ತವೆ, ಪರವಾಗಿಲ್ಲ. ಎತ್ತಿನ ಇಣಿ ಎಲ್ಲಿಂದ ಏರಿ ಎಲ್ಲಿ ಇಳಿಯುತ್ತದೆ ಅಂತ ಮರುದಿನ ದಾರಿಯಲ್ಲಿ ನಿಜವಾದ ಎತ್ತನ್ನು ನಿಲ್ಲಿಸಿ ನೋಡುತ್ತೀರಿ ಅಲ್ವಾ, ಅಷ್ಟು ಸಾಕು.

ಕೆಲವು ಎಚ್ಚರಿಕೆ

ಏನೂ ಅನ್ನಿಸದ ದಿನಗಳು ಬರುತ್ತವೆ, ಜಾಸ್ತಿಯೇ ಬರುತ್ತವೆ. ಆ ದಿನವೂ ಮೂರು ಸಾಲು ಬರೆದು ಎದ್ದು ಬನ್ನಿ. ಬೆರಗನ್ನು ಒತ್ತಾಯದಿಂದ ತರಿಸಲು ಹೋದರೆ ನಾಟಕ ಆಗುತ್ತದೆ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗುವುದಾದರೆ ಮಾತು ಕಡಿಮೆ ಇರುವವರನ್ನು ಆರಿಸಿ. ನೋಡು ನೋಡು ಎಷ್ಟು ಚೆಂದ ಅಂತ ಪದೇ ಪದೇ ಅನ್ನುವವರು ಚೆಂದವನ್ನು ನೋಡಲು ಬಿಡುವುದಿಲ್ಲ.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕುವುದೇ ಬೇಡ ಅನ್ನಿಸುತ್ತಿದೆ ಅಂದರೆ ಅದಕ್ಕೆ ಕೆರೆ, ಕವಿತೆ ಔಷಧ ಅಲ್ಲ. ಡಾಕ್ಟರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416, ಫೋನು ಮಾಡಲು ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಯಾವ ತಿಂಗಳು ಯಾವುದರಿಂದ ಶುರು

ಫೆಬ್ರವರಿ, ಮಾರ್ಚ್ ಆಗಿದ್ದರೆ ಕಲಘಟಗಿ, ಅಳ್ನಾವರ ರಸ್ತೆಯಲ್ಲಿ ಎಲೆ ಉದುರಿಸಿ ಹೂ ಬಿಟ್ಟ ಮುತ್ತುಗದ ಮರ ಹುಡುಕಿ, ಅದರ ಕೆಳಗೆ ನಿಂತು ಯಾವ ಯಾವ ಹಕ್ಕಿ ಬರುತ್ತವೆ ನೋಡಿ. ಏಪ್ರಿಲ್, ಮೇ ಬಿಸಿಲಿಗೆ ಹೊರಗೆ ಹೋಗುವುದು ಬೇಡ, ಪದ್ಯ ಮತ್ತು ಕಸೂತಿ. ಜೂನ್‌ನಿಂದ ಆಗಸ್ಟ್ ತನಕ ರಾಗ, ಮಳೆಯ ಜೊತೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ತೊಳೆದ ಗುಡಿಗಳು, ಬೆಳಗಿನ ಬಿಸಿಲಲ್ಲಿ. ನವೆಂಬರ್ ಬಂದರೆ ಮಾಗಡಿ ಕೆರೆ. ಎಳ್ಳ ಅಮಾವಾಸ್ಯೆ ಯಾವ ದಿನ ಅಂತ ಕ್ಯಾಲೆಂಡರಿನಲ್ಲಿ ಈಗಲೇ ನೋಡಿ ಗುರುತು ಹಾಕಿಡಿ, ಮರುದಿನ ಬೆಳಿಗ್ಗೆ ಡ್ಯೂಟಿ ಇದ್ದರೆ ರಜೆ ಮೊದಲೇ ಕೇಳಬೇಕಾಗುತ್ತದೆ.